ಹೊಸ ಬ್ಯಾಟರಿ, ನನ್ನ ಎಡಗಾಲು

ಡ್ರೈವಿಂಗ್ ಲೈಸೆನ್ಸ್ ಕೈಗೆ ಬಂದಾಗ ನನಗೆ ಐವತ್ತು ದಾಟಿತ್ತು. ಬ್ಯಾಂಕಿನಲ್ಲಿ ಎಲ್ಲರಿಗೂ ಪೇಡಾ ಹಂಚಿದೆ. ಮೈಸೂರು ಬಿಟ್ಟು ಕೊಚ್ಚಿಗೆ ಬಂದು ಇಷ್ಟು ವರ್ಷವಾದರೂ, ಇಳಿ ಅಂದಾಗ ಇಳಿದು ಹತ್ತು ಅಂದಾಗ ಹತ್ತಿದವಳು ನಾನು. ಇನ್ನು ಯಾರನ್ನೂ ಕಾಯದೆ, ಬೇಕಾದಾಗ ಬೇಕಾದ ಕಡೆ ಹೋಗಬೇಕು ಅನ್ನುವುದೊಂದೇ ಆಸೆ.

ನಮ್ಮ ಯಜಮಾನರಿಗೆ ತಿರುವನಂತಪುರದ ಪಟ್ಟಂನಲ್ಲಿ ಕೇಂದ್ರ ಸರ್ಕಾರದ ಆಫೀಸು. ಶುಕ್ರವಾರ ಬರುತ್ತಾರೆ, ಭಾನುವಾರ ಸಂಜೆ ಆಲುವದಲ್ಲಿ ರೈಲು ಹತ್ತುತ್ತಾರೆ. ವಾರವೆಲ್ಲ ಕಾರು ಕಳಮಶ್ಶೇರಿಯ ನಮ್ಮ ಫ್ಲ್ಯಾಟಿನ ಕೆಳಗೆ ನಿಂತಿರುತ್ತದೆ, ನಾನು ಮೆಟ್ರೊದಲ್ಲಿ ಬ್ಯಾಂಕಿಗೆ ಹೋಗಿಬರುತ್ತೇನೆ. "ಕೈ ಕೂರೋವರೆಗೂ ನಾನಿಲ್ಲದಾಗ ಗಾಡಿ ತೆಗೀಬೇಡ ಕಣೇ" ಎಂದು ಅಪ್ಪಣೆಯಾಗಿತ್ತು. ಹಾಗೆ ನಿಂತೂ ನಿಂತೂ ಬ್ಯಾಟರಿ ಸತ್ತೇಹೋಯಿತು. ಹೊಸದು ಹಾಕಿಸಿದೆವು.

ನನ್ನ ಗ್ರಹಚಾರ ಶುರುವಾದದ್ದೇ ಅಲ್ಲಿಂದ. ಶನಿವಾರ ಬೆಳಿಗ್ಗೆ ಅಭ್ಯಾಸಕ್ಕೆಂದು ಹೊರಟರೆ ಸಿಗ್ನಲ್ಲಿನಲ್ಲಿ ಕ್ಲಚ್ ಒತ್ತಿ ಬ್ರೇಕ್ ಹಾಕುತ್ತಲೇ ಗಾಡಿ ಒಮ್ಮೆ ನಡುಗಿ ಆಫ್. ಹಿಂದೆ ಬಸ್ಸಿನ ಹಾರ್ನ್, ಪಕ್ಕದಲ್ಲಿ ಯಜಮಾನರು.

"ಕ್ಲಚ್ ಬಿಟ್ಟುಬಿಟ್ಟೆ ನೀನು."

"ಬಿಟ್ಟಿಲ್ಲ ರೀ, ಇನ್ನೂ ಒತ್ಕೊಂಡೇ ಇದೀನಿ, ನೋಡಿ."

"ಹಂಗಾದ್ರೆ ಹೆಂಗೆ ಆಫ್ ಆಯ್ತು?"

ಅವರು ಓಡಿಸಿದರೆ ಒಂದು ಸಲವೂ ಆಫ್ ಆಗುತ್ತಿರಲಿಲ್ಲವಲ್ಲ. ಹಳೆಯ ಜೀಪಿನಲ್ಲಿ ಕಲಿತವರು. ಸಿಗ್ನಲ್ಲಿನಲ್ಲಿ ನಿಂತಾಗಲೂ ಆಕ್ಸಿಲರೇಟರ್ ತುಳಿದು ಬುರ್ ಬುರ್ ಅನ್ನಿಸುತ್ತಲೇ ಇರುತ್ತಾರೆ. ನಿಂತಾಗ ಬಲಗಾಲು ಬ್ರೇಕಿನ ಮೇಲೇ ಇರಬೇಕು ಎಂದು ನನಗೆ ಡ್ರೈವಿಂಗ್ ಸ್ಕೂಲಿನಲ್ಲಿ ಹೇಳಿಕೊಟ್ಟಿದ್ದರು. ನಾನು ವಿಧೇಯ ವಿದ್ಯಾರ್ಥಿನಿ, ಹಾಗೇ ಇಟ್ಟುಕೊಂಡಿರುತ್ತಿದ್ದೆ.

ವಿಚಿತ್ರವೆಂದರೆ ಭಾನುವಾರದ ಹೊತ್ತಿಗೆ ಗಾಡಿ ಸ್ವಲ್ಪ ದಾರಿಗೆ ಬರುತ್ತಿತ್ತು. ಮುಂದಿನ ಶನಿವಾರ ಮತ್ತೆ ಅದೇ ಕಥೆ. ಒಂದು ಸಲ ಒಂದೇ ಸಿಗ್ನಲ್ಲಿನಲ್ಲಿ ಮೂರು ಬಾರಿ ನಿಂತಿತು. ಬೈಕಿನವನೊಬ್ಬ ಕಿಟಕಿಯೊಳಗೆ ಬಗ್ಗಿ, ಓಡಿಸುತ್ತಿರುವುದು ಹೆಂಗಸೇ ಎಂದು ಖಾತ್ರಿ ಮಾಡಿಕೊಂಡು, ತಲೆಯಾಡಿಸಿ ಹೋದ. ಅವತ್ತು ಮನೆಗೆ ಬಂದ ಮೇಲೆ ಯಜಮಾನರು ಮೆಲ್ಲಗೆ ಅಂದರು, "ಮಾರಿಬಿಡೋಣ ಕಣೇ. ಹೆಂಗೂ ನಿಂತೇ ಇರುತ್ತೆ. ಆಲುವದವರೊಬ್ಬರು ಕೇಳ್ತಿದಾರೆ, ಮುಂದಿನ ಭಾನುವಾರ ನೋಡೋಕೆ ಬರ್ತಾರೆ."

ಮೈಯೆಲ್ಲ ಉರಿದುಹೋಯಿತು. ನಿಜ ಹೇಳಬೇಕೆಂದರೆ ಕೋಪಕ್ಕಿಂತ ಹೆಚ್ಚಾಗಿ ಅಳು ಬಂತು. ನನ್ನ ಎಡಗಾಲನ್ನು ನಾನೇ ನಂಬದ ಹಾಗಾಗಿತ್ತು. ಆ ವಾರವೆಲ್ಲ ಬ್ಯಾಂಕಿನಲ್ಲಿ ಮೇಜಿನ ಕೆಳಗೆ ಕಾಲೊತ್ತಿ, ಬಿಟ್ಟು, ಒತ್ತಿ ಪರೀಕ್ಷೆ ಮಾಡಿಕೊಳ್ಳುತ್ತಿದ್ದೆ. ಈ ಗಾಡಿ ಹೋದರೆ ಈ ವಯಸ್ಸಿನಲ್ಲಿ ನನಗಾಗಿ ಇನ್ನೊಂದು ಬರುವುದಿಲ್ಲ ಅನ್ನುವುದು ಚೆನ್ನಾಗಿ ಗೊತ್ತಿತ್ತು.

ಆ ಶನಿವಾರ ಅವರ ಆಫೀಸಿನಲ್ಲಿ ಇನ್‌ಸ್ಪೆಕ್ಷನ್; ಭಾನುವಾರ ಬೆಳಿಗ್ಗೆ ಬರುತ್ತೇನೆಂದರು. ಅಪ್ಪಣೆ ಗಿಪ್ಪಣೆ ಮೂಲೆಗಿಟ್ಟು ಕೀ ತೆಗೆದುಕೊಂಡು ಕೆಳಗಿಳಿದೆ. ತಿರುಗಿಸಿದರೆ ಟಿಕ್ ಎಂಬ ಸದ್ದೂ ಇಲ್ಲ. ಬಾನೆಟ್ ಎತ್ತಿದೆ. ಬ್ಯಾಟರಿಯಿಂದ ಒಂದು ಕೇಬಲ್ ಬಿಚ್ಚಿ, ಅದರ ತುದಿಗೆ ಹಳೇ ಬನಿಯನ್ನಿನ ತುಂಡು ಸುತ್ತಿ, ದಾರ ಕಟ್ಟಿಡಲಾಗಿತ್ತು. ಬನಿಯನ್ ಯಾರದೆಂದು ಅದನ್ನು ವರ್ಷಗಟ್ಟಲೆ ಒಗೆದವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಫೋನ್ ಮಾಡಿದೆ.

"ಹೂಂ, ನಾನೇ. ಪ್ರತಿ ಭಾನುವಾರ ಹೊರಡೋ ಮುಂಚೆ ಬಿಚ್ಚಿಡ್ತೀನಿ. ಹೊಸ ಬ್ಯಾಟರಿ, ಇದೂ ಡೌನ್ ಆಗ್ಬಾರ್ದಲ್ಲ. ಶನಿವಾರ ನೀನು ಕೆಳಗೆ ಬರೋಷ್ಟ್ರಲ್ಲಿ ಹಾಕಿರ್ತೀನಿ."

"ನನಗೆ ಒಂದು ಮಾತು ಹೇಳೋದಲ್ವಾ?"

"ಇದ್ರಲ್ಲಿ ಹೇಳೋದೇನಿದೆ?"

ಅವರ ಮನೆತನವೇ ಹಾಗೆ. ಎರಡು ದಿನ ಊರಿಗೆ ಹೊರಟರೂ ಗ್ಯಾಸು, ಟಿವಿ ಪ್ಲಗ್ಗು, ಕೊನೆಗೆ ಮೇನ್ ಸ್ವಿಚ್ಚು, ಎಲ್ಲ ತೆಗೆದ ಮೇಲೇ ಬಾಗಿಲಿಗೆ ಬೀಗ. ಒಮ್ಮೆ ಹಾಗೆ ಹೋಗಿಬಂದು ನೋಡಿದರೆ ಫ್ರಿಜ್ಜಿನಲ್ಲಿದ್ದ ದೋಸೆ ಹಿಟ್ಟು ಉಕ್ಕಿ ಬಾಗಿಲಿನ ಸಂದಿಯಿಂದ ಇಳಿದಿತ್ತು. ಆಮೇಲೂ ಯಾರೂ ಬದಲಾಗಲಿಲ್ಲ.

ಆಗ ರೇಡಿಯೊ ನೆನಪಾಯಿತು. ಕಾರಿನ ರೇಡಿಯೊದಲ್ಲಿ ನಾನು ಹುಡುಕಿಟ್ಟ ಸ್ಟೇಷನ್ನುಗಳೆಲ್ಲ ಪ್ರತಿ ಶನಿವಾರ ಅಳಿಸಿಹೋಗಿರುತ್ತಿದ್ದವು. ಕೇಬಲ್ ಬಿಚ್ಚಿದರೆ ರೇಡಿಯೊ ಮರೆಯುವುದಾದರೆ ಇಂಜಿನ್ನೂ ಏನೋ ಮರೆಯುತ್ತಿರಬೇಕಲ್ಲ? ಬ್ಯಾಟರಿ ಹಾಕಿಕೊಟ್ಟ ಅಂಗಡಿಗೆ ಫೋನ್ ಮಾಡಿ ಕೇಳಿದೆ.

"ಎಲ್ಲಾಂ ಮರಕ್ಕುಂ, ಚೇಚಿ", ಎಲ್ಲ ಮರೆತುಬಿಡುತ್ತೆ ಅಕ್ಕಾ, ಎಂದ ಅಂಗಡಿಯವನು. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಎಷ್ಟು ಗಾಳಿ ಎಳೆದುಕೊಂಡರೆ ಆಫ್ ಆಗುವುದಿಲ್ಲ ಅನ್ನುವುದನ್ನು ಇಂಜಿನ್ ಓಡುತ್ತ ಓಡುತ್ತ ಕಲಿತಿರುತ್ತದಂತೆ. ಕರೆಂಟು ತಪ್ಪಿಸಿದರೆ ಮತ್ತೆ ಮೊದಲಿಂದ ಕಲಿಯಬೇಕಂತೆ. ನಿಂತಾಗಲೂ ತುಳಿಯುತ್ತಲೇ ಇರುವವರಿಗೆ ಇದು ಗೊತ್ತೇ ಆಗುವುದಿಲ್ಲವಂತೆ. ಸ್ಟಾರ್ಟ್ ಮಾಡಿ, ಎಸಿ, ಲೈಟು ಏನೂ ಹಾಕದೆ, ಆಕ್ಸಿಲರೇಟರ್ ಮುಟ್ಟದೆ, ಬಿಸಿಯಾಗುವವರೆಗೆ ನಿಂತಲ್ಲೇ ಓಡಲು ಬಿಡಿ. ಆಮೇಲೆ ಎಸಿ ಹಾಕಿ ಇನ್ನಷ್ಟು ಹೊತ್ತು ಬಿಡಿ ಎಂದ.

ಕೇಬಲ್ ನಾನೇ ಸಿಕ್ಕಿಸಿ ಸ್ಪ್ಯಾನರಿನಿಂದ ಬಿಗಿದೆ. ಸ್ಟಾರ್ಟ್ ಮಾಡಿ ಸುಮ್ಮನೆ ಕೂತೆ. ಇಂಜಿನ್ ತಗ್ಗುತ್ತದೆ, ನಡುಗುತ್ತದೆ, ಇನ್ನೇನು ಹೋಯಿತು ಅನ್ನುವಾಗ ಸಾವರಿಸಿಕೊಳ್ಳುತ್ತದೆ. ತುಳಿಯದೆ ಕೂರುವುದೇ ನನಗೆ ಕಷ್ಟವಾಯಿತು. ಬೆವರು ಕುತ್ತಿಗೆಯಿಂದ ಇಳಿಯುತ್ತಿತ್ತು. ಸೆಕ್ಯುರಿಟಿಯವರು ಹತ್ತಿರ ಬಂದು ಏನು ಮೇಡಂ, ಹೋಗುವುದಿಲ್ಲವೇ ಎಂದು ಮಲಯಾಳದಲ್ಲಿ ಕೇಳಿದರು. "ಗಾಡಿ ಪಾಠ ಓದಿಕೊಳ್ತಾ ಇದೆ" ಎಂದು ನನ್ನ ಹರಕು ಮಲಯಾಳದಲ್ಲಿ ಹೇಳಿದೆ. ಅವರು ಎರಡು ಹೆಜ್ಜೆ ಹಿಂದಕ್ಕೆ ಸರಿದು ನಿಂತರು.

ಆಮೇಲೆ ಒಬ್ಬಳೇ ರಸ್ತೆಗಿಳಿದೆ. ಮೊದಲ ಸಿಗ್ನಲ್ಲಿನಲ್ಲಿ ಕ್ಲಚ್, ಬ್ರೇಕ್. ಇಂಜಿನ್ ಸಣ್ಣಗೆ ಗುನುಗುತ್ತ ನಿಂತಿತು. ಎರಡನೆಯದರಲ್ಲೂ ಅಷ್ಟೇ. ನನಗೆ ಕಣ್ಣು ತುಂಬಿ ದೀಪ ಹಸಿರಾದದ್ದೇ ಕಾಣಲಿಲ್ಲ, ಹಿಂದಿನವರು ಹಾರ್ನ್ ಹೊಡೆದರು. ಹೊಡೆದುಕೊಳ್ಳಲಿ ಅಂದುಕೊಂಡೆ.

ಭಾನುವಾರ ಬೆಳಿಗ್ಗೆ ಆಲುವ ಸ್ಟೇಷನ್ನಿನ ಹೊರಗೆ ನನ್ನನ್ನೂ ಗಾಡಿಯನ್ನೂ ಕಂಡು ಅವರು ಸುತ್ತ ನೋಡಿದರು.

"ಯಾರು ತಂದ್ರು?"

"ಕ್ಲಚ್ ಬಿಡೋಳು."

ಮನೆ ಮುಟ್ಟುವವರೆಗೆ ಒಂದು ಸಿಗ್ನಲ್ಲಿನಲ್ಲೂ ಆಫ್ ಆಗಲಿಲ್ಲ. ಅವರು ಇಳಿಯುವ ಮುಂಚೆ ಫೋನ್ ತೆಗೆದು, "ಬರೋದು ಬೇಡ ಸರ್, ಗಾಡಿ ಕೊಡ್ತಿಲ್ಲ. ನಮ್ಮ ಮನೆಯವರು ಓಡಿಸ್ತಾರೆ" ಅಂದರು. ನನಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಮೊನ್ನೆ ಅವರನ್ನು ಕೂರಿಸಿಕೊಂಡು ತಿರುವನಂತಪುರದವರೆಗೂ ನಾನೇ ಓಡಿಸಿದೆ. ಇನ್ನೇನು ಅವರ ಕ್ವಾರ್ಟರ್ಸು ಬಂತು ಅನ್ನುವಾಗ ಪಟ್ಟಂ ಸಿಗ್ನಲ್ಲಿನಲ್ಲಿ ದೀಪ ಹಸಿರಾಯಿತು, ಆತುರದಲ್ಲಿ ಕ್ಲಚ್ಚಿನಿಂದ ಕಾಲೆತ್ತಿದೆ, ಗಾಡಿ ಮುಗ್ಗರಿಸಿ ಆಫ್. ಅವರು ತುಟಿ ಬಿಗಿ ಹಿಡಿದು ಕಿಟಕಿಯಾಚೆ ನೋಡುತ್ತ ಕೂತರು. ಆ ಮನುಷ್ಯ ಪಡುತ್ತಿದ್ದ ಕಷ್ಟ ನೋಡಲಾಗಲಿಲ್ಲ.

"ಈಗ ಬಿಟ್ಟಿದ್ದು ನಾನೇ ರೀ" ಅಂದೆ.

"ಹೌದಾ? ನಾನು ನೋಡ್ಲಿಲ್ಲ" ಅಂದರು.