ಹೊಟ್ಟೆ ಬಿಡಿಸಿದ ಸೂಜಿಯ ಕತೆ

ಈ ಟೈಲರ್ ಕತೆ ಹೇಳಲು ಬಾಯಿ ತೆರೆದರೆ ಎದುರು ಬ್ಯಾಂಕಿನ ಗೋಡೆ ಗಡಿಯಾರವೂ ಆಕಳಿಸುತ್ತಿತ್ತು ಎಂದು ಆ ಬೀದಿಯವರು ಹೇಳುತ್ತಾರೆ. ಅಂಗಡಿಗೆ ನುಗ್ಗಿದ ಕಳ್ಳನೊಬ್ಬ, ಕತೆಯ ಪೀಠಿಕೆ ಮುಗಿಯುವ ಮೊದಲೇ ತಾನಾಗಿ ಪೊಲೀಸರಿಗೆ ಫೋನ್ ಮಾಡಿ ಬೇಗ ಬನ್ನಿ ಎಂದು ಗೋಗರೆದನಂತೆ. ಕತೆ ಕೇಳುತ್ತ ನಿಂತವರಿಗೆ ಗಡ್ಡ ಬೆಳೆದು ತನ್ನ ವ್ಯಾಪಾರ ಕುದುರಿತೆಂದು ಪಕ್ಕದ ಕ್ಷೌರಿಕ ಪ್ರಮಾಣ ಮಾಡುತ್ತಾನೆ. ಬೆನ್ನ ಹಿಂದೆ ಎಲ್ಲರೂ ಟೈಲರನ್ನು ಕರೆಯುವುದು ಬೈರಿಗೆ ಎಂದೇ. ಮರ ಕೊರೆಯುವ ಬೈರಿಗೆಗಾದರೂ ನಡುನಡುವೆ ವಿಶ್ರಾಂತಿ ಉಂಟು, ಇವನಿಗಿಲ್ಲ.

ಆದರೂ ಗಂಡಸರು ಸೂಟು ಹೊಲಿಸಲು ಇವನ ಬಳಿಗೇ ಬರುತ್ತಿದ್ದರು. ಏಕೆಂದು ಗೊತ್ತಿದ್ದವಳು ಅವನ ಹೆಂಡತಿ ಪುಟ್ಟಿ ಒಬ್ಬಳೇ. ಅವನು ಟೇಪು ಹಿಡಿದು ಹೇಳಿದ ಅಳತೆ ಬರೆದುಕೊಳ್ಳುವವಳು ಅವಳು. ಮೈಗೆ ಟೇಪು ತಾಗಿದೊಡನೆ ಗಂಡಸೆಂಬ ಪ್ರಾಣಿ ಸುಳ್ಳಾಡಲು ಶುರುಮಾಡುತ್ತದೆ: ಎದೆ ಮುಂದೆ, ಭುಜ ಹಿಂದೆ, ಹೊಟ್ಟೆ ನಾಪತ್ತೆ. ಆ ಸುಳ್ಳಿಗೆ ಹೊಲಿದ ಕೋಟು ಮೊದಲ ತುತ್ತಿಗೇ ಬಾಯಿಬಿಡುತ್ತದೆ. ಆದರೆ ಬೈರಿಗೆಯ ಮುಂದೆ ಯಾವ ಹೊಟ್ಟೆ ಎಷ್ಟು ಹೊತ್ತು ಬಿಗಿಹಿಡಿದು ನಿಂತೀತು? ಕೇಳುತ್ತ ಕೇಳುತ್ತ ಬೆನ್ನು ಬಾಗಿ, ಭುಜ ಇಳಿದು, ಮನುಷ್ಯ ನಿಜರೂಪಕ್ಕೆ ಬಂದ ಗಳಿಗೆಯಲ್ಲಿ ಟೇಪು ಸದ್ದಿಲ್ಲದೆ ಸೊಂಟ ಸುತ್ತುತ್ತಿತ್ತು.

ಪುಟ್ಟಿಯ ಅಣ್ಣ ಶಾಲೆಯೊಂದರ ಡ್ರಿಲ್ ಮಾಸ್ತರ್. ತವರಿನಲ್ಲಿ ಅವನು ಹೇಳಿದ್ದೇ ವೇದವಾಕ್ಯ. "ನಿನ್ನ ಗಂಡ ದಿಂಬಿನ ಕವರು ಹೊಲಿಯೋಕೇ ಲಾಯಕ್ಕು" ಎಂದು ಒಮ್ಮೆ ಊಟಕ್ಕೆ ಕೂತವರೆಲ್ಲರ ಎದುರು ಅಂದುಬಿಟ್ಟ. ಅಂದಿನಿಂದ ತವರಿನವರ ಬಾಯಲ್ಲಿ ಟೈಲರ್ ಹೆಸರು ದಿಂಬು. ಆದರೆ ತಾನು ಬೇರೆಲ್ಲೋ ಹೊಲಿಸಿದ ಸೂಟಿನ ಗುಂಡಿ ಮದುವೆಯೊಂದರಲ್ಲಿ ಸಿಡಿದು ಹೆಡ್‌ಮಾಸ್ತರರ ಕನ್ನಡಕಕ್ಕೆ ಬಡಿದ ಮೇಲೆ, ಮಾಸ್ತರ್ ತನ್ನ ನಿವೃತ್ತಿ ಸಮಾರಂಭದ ಸೂಟಿಗೆ ತಂಗಿಯ ಬಾಗಿಲಿಗೇ ಬರಬೇಕಾಯಿತು. ಸೂಟು ಮೈಗೆ ಕೂತರೆ ದಿಂಬೆಂಬ ಹೆಸರು ಅಳಿಯುತ್ತದೆ. ಕೂರದಿದ್ದರೆ ಪುಟ್ಟಿ ತವರಿನಲ್ಲಿ ಇನ್ನು ತಲೆಯೆತ್ತುವಂತಿಲ್ಲ.

ನಾಚಿಕೆಯ ಮುಂದೆ ಗೊತ್ತಿದ್ದದ್ದೂ ಮರೆತುಹೋಗುತ್ತದೆ. ಅಳತೆಯ ದಿನ ಬೆಳಿಗ್ಗೆಯೇ ಪುಟ್ಟಿಯಿಂದ ಗಂಡನಿಗೆ ಕಟ್ಟಪ್ಪಣೆಯಾಯಿತು. "ರೀ, ಅಣ್ಣ ಬಂದಾಗ ಬಾಯಿಗೆ ಬೀಗ ಹಾಕ್ಕೊಳ್ಳಿ. ನಿಮ್ಮ ಕತೆಗಿತೆ ಏನೂ ಬೇಡ."

ಟೈಲರ್ ಹೂಂಗುಟ್ಟಿದ.

ಮಾಸ್ತರ್ ಬಂದು ಜೇಬಿನ ಪರ್ಸು, ಬೀಗದಕೈ, ಸೀಟಿ ಎಲ್ಲ ಮೇಜಿನ ಮೇಲಿಟ್ಟು ಕನ್ನಡಿಯ ಮುಂದೆ ಧ್ವಜಸ್ತಂಭದ ಹಾಗೆ ನಿಂತ. ಟೈಲರ್ ಕತ್ತಿನ ಹಿಂದಿನ ಮೂಳೆಯಿಂದ ಕೋಟಿನ ಉದ್ದ ಹಿಡಿದ. ಭುಜದ ತುದಿಯಿಂದ ತುದಿಗೆ ಅಗಲ ನೋಡಿದ. ಮೊಣಕೈ ತುಸು ಬಗ್ಗಿಸಿ ತೋಳು ಅಳೆದ. ಎದೆ ಸುತ್ತಿದ ಟೇಪಿನೊಳಗೆ ಎರಡು ಬೆರಳು ತೂರಿಸಿದ; ಉಬ್ಬಿದ ಎದೆಗೆ ಬೆರಳು ನಜ್ಜುಗುಜ್ಜಾದವು. ಕೊನೆಗೆ ಸೊಂಟ.

"ಮೂವತ್ತೇಳು."

ಪುಟ್ಟಿಯ ಪೆನ್ನು ನಿಂತುಹೋಯಿತು. ಮೂವತ್ತೇಳು ಅಣ್ಣನ ಮದುವೆ ಕಾಲದ ಅಳತೆ.

"ಅಣ್ಣ, ಸ್ವಲ್ಪ ಉಸಿರು ಬಿಡೋ."

"ನಾನು ನಿಲ್ಲೋದೇ ಹಿಂಗೆ ಕಣೆ. ಕಂಡೋರ ಥರ ಗೋಣಿಚೀಲ ಅಲ್ಲ ನಾನು." ಉಸಿರು ಬಿಡದೆಯೇ ಆಡಿದ ಮಾತು ಡಬ್ಬಿಯೊಳಗಿಂದ ಬಂದಂತಿತ್ತು.

ಟೈಲರ್ ತುಟಿ ಬಿಗಿದುಕೊಂಡು ಹೆಂಡತಿಯನ್ನು ನೋಡಿದ. ಇದ್ದ ಒಂದೇ ಬ್ರಹ್ಮಾಸ್ತ್ರವನ್ನು ತಾನೇ ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿದಿದ್ದೇನೆಂದು ಪುಟ್ಟಿಗೆ ಆಗ ಹೊಳೆಯಿತು. ಕತೆ ಕೇಳಿ ಈಗ ನಕ್ಕರೆ ಅಣ್ಣ ಒಬ್ಬ ನಗುತ್ತಾನೆ. ಸಮಾರಂಭದ ದಿನ ಗುಂಡಿ ಹಾರಿದರೆ ಇಡೀ ಶಾಲೆ ನಗುತ್ತದೆ.

"ರೀ," ಎಂದಳು, "ಆವತ್ತು ಮೆಷಿನ್ನಿಗೆ ಸೂಜಿ ತರೋಕೆ ಹೋಗಿದ್ರಲ್ಲ, ಅದೇನಾಯ್ತು ಹೇಳಿ."

ಟೈಲರ್ ಮುಖ ಊರಗಲವಾಯಿತು. "ಅದಾ? ಆವತ್ತು ಮಂಗಳವಾರ, ಭಾವ. ಬೆಳಿಗ್ಗೆ ಸೂಜಿ ಮುರೀತು. ಮುರಿದದ್ದು ಹದಿನಾರನೇ ನಂಬರೋ ಹದಿನಾಲ್ಕೋ ಅಂತ..."

ಮಹಾಯುದ್ಧ ಶುರುವಾಯಿತು. ಒಂದು ಕಡೆ ಸಾವಿರಾರು ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸಿದ ಬೆನ್ನುಮೂಳೆ, ಇನ್ನೊಂದು ಕಡೆ ಬರೀ ಒಂದು ಸೂಜಿ. ಕತೆ ಬಸ್ ಸ್ಟಾಪಿಗೆ ಹೋಗಿ, ಚಿಲ್ಲರೆ ಮರೆತು, ಮನೆಗೆ ಮರಳಿತು. ಮಾಸ್ತರ್ ಮಿಸುಕಲಿಲ್ಲ. ಕತೆ ಅಂಗಡಿ ಮುಟ್ಟಿತು, ಅಂಗಡಿ ಬಾಗಿಲು ಹಾಕಿತ್ತು, ಯಾಕೆ ಹಾಕಿತ್ತೆಂದು ಪಕ್ಕದವರನ್ನು ವಿಚಾರಿಸಿತು. ಮಾಸ್ತರನ ಕಣ್ಣು ಮಂಜಾದವು, ಆದರೆ ಕೋಟೆ ಬೀಳಲಿಲ್ಲ.

"ತಡೀರಿ ಭಾವ," ಎಂದ ಟೈಲರ್. "ಮಂಗಳವಾರ ಅಲ್ಲ, ಸೋಮವಾರ ಇರಬೇಕು. ಮೊದಲಿಂದ ಹೇಳ್ತೀನಿ."

ಮಾಸ್ತರ್ ಪಾತಾಳದಿಂದೆಂಬಂತೆ ನಿಟ್ಟುಸಿರು ಬಿಟ್ಟ. ಭುಜಗಳು ತಮ್ಮ ಜಾಗಕ್ಕೆ ಇಳಿದವು. ಹಗ್ಗ ಬಿಚ್ಚಿದ ಎಮ್ಮೆ ಕೊಟ್ಟಿಗೆಯಿಂದ ಹೊರಡುವ ಹಾಗೆ ಹೊಟ್ಟೆ ನಿಧಾನವಾಗಿ, ಗಾಂಭೀರ್ಯದಿಂದ ಹೊರಗೆ ಬಂತು.

"ನಲವತ್ಮೂರು," ಎಂದ ಟೈಲರ್, ಕತೆಯ ಮಧ್ಯದಲ್ಲೇ.

ಮಾಸ್ತರ್ ಬೆಚ್ಚಿದ. "ಅದೇನು ನಲವತ್ಮೂರು?"

"ಅಂಗಡಿ ನಂಬರ್ ಅಣ್ಣ, ಸೂಜಿ ಅಂಗಡೀದು," ಎನ್ನುತ್ತ ಪುಟ್ಟಿ ಅಳತೆ ಬರೆದುಕೊಂಡಳು. ಎದೆ, ಭುಜಗಳನ್ನೂ ಟೈಲರ್ ಅದೇ ಉಸಿರಿನಲ್ಲಿ ಮತ್ತೆ ಅಳೆದು ಮುಗಿಸಿದ.

ಸಮಾರಂಭದ ದಿನ ಮಾಸ್ತರ್ ಆ ಸೂಟಿನಲ್ಲಿ ಕೂತ, ಎದ್ದ, ಎರಡೆರಡು ಸಲ ಬಡಿಸಿಕೊಂಡು ಉಂಡ. ಭಾಷಣದ ಹಾಳೆ ವೇದಿಕೆಯಲ್ಲಿ ಉದುರಿದಾಗ ಹೆಡ್‌ಮಾಸ್ತರರು ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು. ಮಾಸ್ತರ್ ಕುರ್ಚಿಯಡಿಗೆ ಪೂರ್ತಿ ಬಗ್ಗಿ ಹಾಳೆ ಹೆಕ್ಕಿದ. ಒಂದು ಹೊಲಿಗೆಯೂ ಕಿಟಕ್ ಎನ್ನಲಿಲ್ಲ. ಗುಂಡಿ ಮಲಗಿದ ಮಗುವಿನ ಹಾಗೆ ತೆಪ್ಪಗಿತ್ತು.

"ಎಲ್ರೂ ಸೂಟು ನೋಡ್ತಿದ್ದೀರಿ, ನಂಗೊತ್ತು," ಎಂದ ಮಾಸ್ತರ್ ಮೈಕಿನಲ್ಲಿ. "ಹೊಲಿದದ್ದು ನನ್ನ ತಂಗಿ ಗಂಡ. ಅವನಂಥ ಟೈಲರ್ ಇಲ್ಲ ಅಂತ ನಾನು ಮೊದಲಿಂದ್ಲೂ ಹೇಳ್ತಾನೇ ಬಂದಿದ್ದೀನಿ."

ಚಪ್ಪಾಳೆ ಬಿತ್ತು. ದಿಂಬು ಎಂದು ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಚಿಕ್ಕಪ್ಪ ಹಿಂದಿನ ಸಾಲಿನಿಂದ ಬಗ್ಗಿ, "ಪುಟ್ಟಿ, ನಂಗೂ ಒಂದು ಹೊಲಿಯೋಕೆ ಹೇಳೇ" ಎಂದ. "ನೋಡೋಣ ಚಿಕ್ಕಪ್ಪ, ಅವರಿಗೆ ಪುರುಸೊತ್ತಿಲ್ಲ," ಎಂದಳು ಪುಟ್ಟಿ, ಮಹಾರಾಣಿಯ ಗತ್ತಿನಲ್ಲಿ.

ಮನೆಗೆ ನಡೆಯುವಾಗ ಅವಳಿಗೆ ತಡೆಯಲಾಗಲಿಲ್ಲ. "ಎಂಥ ಪಾಕಡಾ ರೀ ನೀವು. ಹೊಟ್ಟೆ ಬಿಡೋ ತನಕ ಕೊರೆದು ಕೊರೆದು ಬೀಳಿಸಿದ್ರಲ್ಲ. ಈ ಉಪಾಯ ಯಾರು ಕಲಿಸಿದ್ದು?"

ಟೈಲರ್ ನಿಂತು ಅವಳ ಮುಖ ನೋಡಿದ.

"ಯಾವ ಉಪಾಯ? ನೀನು ಹೇಳಿ ಅಂದೆ, ಹೇಳಿದೆ. ಇನ್ನೂ ಅರ್ಧ ಹಂಗೇ ಉಳಿದಿದೆ."