ಚರಗದ ವಾರದ ಇರುವೆಗಳು

ಇರುವೆ ಎಣಿಸಿ ಡಾಕ್ಟರೇಟ್ ತೆಗೆದುಕೊಂಡವಳು ನಾನು. ಹಾಗೆಂದಾಗ ಜನ ಮೊದಲು ನಗುತ್ತಾರೆ, ಆಮೇಲೆ ತಮ್ಮ ಅಡುಗೆಮನೆಯ ಇರುವೆಗೆ ಮದ್ದು ಕೇಳುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಸಕ್ಕರೆ ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಿರಿ ಎಂದು ಹೇಳಿ ಸುಮ್ಮನಾಗುತ್ತೇನೆ.

ವಿಷಯ ಸರಳವಾದದ್ದು. ಕಮಲಾಪುರದ ಕೆಂಪು ಮಣ್ಣಿನಲ್ಲಿ ಕೆಂಪು ಬಾಳೆ ಬೆಳೆಯುತ್ತಾರೆ. ಬಾಳೆ ತೋಟದಲ್ಲಿ ವರ್ಷವಿಡೀ ನೆರಳು, ತೇವ. ಹಾಗಾದರೆ ತೋಟಕ್ಕೆ ಅಂಟಿಕೊಂಡ ತೊಗರಿ ಹೊಲದಲ್ಲಿ, ತೋಟದಿಂದ ದೂರದ ಹೊಲಕ್ಕಿಂತ ಇರುವೆ ಹೆಚ್ಚಿರಬೇಕಲ್ಲವೇ? ಹೆಚ್ಚಿರುತ್ತದೆ ಎಂದು ನಾನು ನಂಬಿದ್ದೆ. ನಂಬಿದ್ದೆ ಎನ್ನುವುದಕ್ಕಿಂತ ಹಟ ಹಿಡಿದಿದ್ದೆ ಎನ್ನುವುದೇ ಸರಿ. "ಮೊದಲ ಎಣಸು, ಆಮ್ಯಾಲ ನಂಬು," ಎಂದು ನಮ್ಮ ಗೈಡ್ ಸರ್ ಹೇಳಿ ಹೇಳಿ ದಣಿದಿದ್ದರು.

ಎಣಿಸುವುದಕ್ಕೆ ಬೇಕಾದದ್ದು ಪ್ಲಾಸ್ಟಿಕ್ ಲೋಟ. ಬಾಯಿ ನೆಲಕ್ಕೆ ಸಮನಾಗುವಂತೆ ಹೂತು, ಒಳಗೆ ಸ್ವಲ್ಪ ಸಾಬೂನಿನ ನೀರು ಹಾಕಿ, ಗುರುತಿಗೆ ಪಕ್ಕದಲ್ಲಿ ಕೆಂಪು ಬಟ್ಟೆ ಕಟ್ಟಿದ ಕಡ್ಡಿ ನೆಟ್ಟು ಬರುವುದು. ಓಡಾಡುವ ಇರುವೆ ಅದರಲ್ಲಿ ಬೀಳುತ್ತದೆ. ಮೂರು ದಿನ ಬಿಟ್ಟು ತೆಗೆದು, ಪ್ರಯೋಗಾಲಯದಲ್ಲಿ ಭೂತಗನ್ನಡಿ ಹಿಡಿದು ಎಣಿಸುವುದು. ಸೂಪರ್ ಮಾರ್ಕೆಟ್ ಎಂಬ ಪೇಟೆಯ ಹೋಲ್‌ಸೇಲ್ ಅಂಗಡಿಯಲ್ಲಿ ನಾನು ಒಂದು ಗಂಟು ಲೋಟ ಕೇಳಿದಾಗ ಅಂಗಡಿಯವರು ಮದುವೆಗೆಂದುಕೊಂಡು, "ಶಾದಿ ಹೈ ಕ್ಯಾ ಅಕ್ಕಾ? ಪ್ಲೇಟ್ ಬ್ಯಾಡೇನ್ರೀ?" ಎಂದಿದ್ದರು. ಇರುವೆಗೆ ಎಂದೆ. "ಇರುವೀದು ಶಾದಿ ಏನ್ರೀ?" ಎಂದು ಕೇಳಿ ಪಕ್ಕದ ಅಂಗಡಿಯವರನ್ನೂ ಕರೆದು ನಗಿಸಿದರು. ಲೋಟ ಮಾತ್ರ ಒಳ್ಳೆಯವು ಕೊಟ್ಟರು.

ಒಟ್ಟು ಆರು ಹೊಲ. ಮೂರು ತೋಟದ ಪಕ್ಕದವು, ಮೂರು ದೂರದವು. ಒಬ್ಬಳೇ ಆದದ್ದರಿಂದ ವಾರಕ್ಕೊಂದು ಹೊಲ. ಶಹಾಬಜಾರದ ನಮ್ಮ ಮನೆಯಿಂದ ಆಟೋ, ಬಸ್‌ಸ್ಟ್ಯಾಂಡಿನಿಂದ ಕಮಲಾಪುರದ ಬಸ್ಸು, ಇಳಿದ ಮೇಲೆ ನಡಿಗೆ. ಆರರಲ್ಲಿ ನನಗೆ ಬಲು ಇಷ್ಟವಾದದ್ದು ತೋಟದ ಬೇಲಿಗೆ ಹೊಂದಿಕೊಂಡಿದ್ದ ಒಬ್ಬ ಮುದುಕಿಯ ಹೊಲ. ನಾನು ಅವರನ್ನು ಆಯಿ ಎನ್ನುತ್ತಿದ್ದೆ. ಮನೆ ತುಂಬ ಜನರಿದ್ದರೂ ಹೊಲದ ಮಾತು ಬಂದರೆ ಆಯಿಯದೇ ಕಡೆಯ ಮಾತು. ಮೊದಲ ದಿನ ನಾನು ಲೋಟ ಹೂಳುವುದನ್ನು ಸೊಂಟದ ಮೇಲೆ ಕೈಯಿಟ್ಟು ನೋಡಿ, "ಇಷ್ಟ್ ಓದಿ ಕಡೀಕ ಇರುವಿ ಹಿಡಿಯಾಕ ಬಂದೀಯೇನವ್ವಾ?" ಎಂದಿದ್ದರು. ಆದರೂ ಆ ದಿನದಿಂದ ನನ್ನ ಬುತ್ತಿ ಬಿಚ್ಚಲು ಬಿಟ್ಟವರಲ್ಲ. ಅವರದೇ ರೊಟ್ಟಿ, ಅವರದೇ ಪಲ್ಯ.

ಮೂರನೆಯ ವರ್ಷದ ಚಳಿಗಾಲಕ್ಕೆ ಐದು ಹೊಲ ಮುಗಿದು ಆಯಿಯ ಹೊಲವೊಂದೇ ಉಳಿದಿತ್ತು. ಅದರ ಲೆಕ್ಕ ಸಿಕ್ಕಿಬಿಟ್ಟರೆ ಪ್ರಬಂಧ ಬರೆಯಲು ಕೂರಬಹುದು. ನನ್ನ ಲೋಟಗಳಿಗೆ ಶತ್ರುಗಳೆಂದರೆ ಕೆಲಸಕ್ಕೆ ಬಂದವರ ಕಾಲು ಮತ್ತು ಎತ್ತಿನ ಕಾಲು. ಹಿಂದಿನ ಎರಡು ವರ್ಷದ ಲೆಕ್ಕ ಅವುಗಳ ತುಳಿತಕ್ಕೇ ಕೆಟ್ಟಿತ್ತು. ಅದಕ್ಕೆ ಈ ಸಲ ಜಾಣತನ ಮಾಡಿದೆ. ಎಳ್ಳಮಾವಾಸ್ಯೆಯ ದಿನ ಯಾರೂ ಎತ್ತು ಹೂಡುವುದಿಲ್ಲ, ಕಳೆ ತೆಗೆಯುವುದಿಲ್ಲ. ಆ ದಿನ ನಡುವೆ ಬರುವಂತೆ ಲೋಟ ಹೂತು ಬಂದೆ.

ಹಗಲು ಕಂಡ ಬಾವಿಗೆ ಇರುಳು ಬೀಳುವುದು ಅಂದರೆ ಇದೇ. ಯಾರೂ ಕೆಲಸ ಮಾಡದ ದಿನ ಎಂದಷ್ಟೇ ನನಗೆ ನೆನಪಿತ್ತು. ಎಲ್ಲರೂ ಹೊಲದಲ್ಲೇ ಇರುವ ದಿನ ಎಂಬುದನ್ನು ಮರೆತಿದ್ದೆ. ಬೇರೆ ಊರಿನವರಾದರೆ ಕ್ಷಮಿಸಬಹುದಿತ್ತು. ನಾನು ಹುಟ್ಟಿದಾಗಿನಿಂದ ಎಳ್ಳಮಾವಾಸ್ಯೆಗೆ ಪರಿಚಯದವರ ಹೊಲಕ್ಕೆ ಹೋಗಿ ಸಜ್ಜೆ ಕಡಬು ತಿಂದು ಬಂದವಳು.

ಅಮಾವಾಸ್ಯೆಯ ದಿನ ಆಯಿ ಊಟಕ್ಕೆ ಕರೆದಿದ್ದರು. ಹೋದೆ. ಪೂಜೆಯಾಯಿತು. ಕಾಳು, ತರಕಾರಿ ಹಾಕಿ ಕುದಿಸಿದ ಭಜ್ಜಿ, ರೊಟ್ಟಿ, ಕಡಬು ಎಲ್ಲ ಕಲಸಿದ ಬುಟ್ಟಿಯನ್ನು ತಂದು ನನ್ನ ಕೈಗೇ ಇಟ್ಟರು. "ಮನಿ ಮಗಳಿದ್ದಂಗ ಇದ್ದಿ. ಈ ವರ್ಷ ಚರಗ ನೀನೇ ಚೆಲ್ಲು," ಎಂದರು. ಚರಗವೆಂದರೆ ಭೂಮಿತಾಯಿಗೆ ಎಡೆ. ಮುಂದೆ ಒಬ್ಬರು ಹೊಲದ ತುಂಬ ಆ ಅನ್ನ ಎರಚುತ್ತ ಹೋಗಬೇಕು, ಹಿಂದೆ ಒಬ್ಬರು ನೀರು ಚಿಮುಕಿಸುತ್ತ ಬರಬೇಕು. ನನಗೆ ಹೆಮ್ಮೆಯೋ ಹೆಮ್ಮೆ. ಸೆರಗು ಸಿಕ್ಕಿಸಿಕೊಂಡು ಹೊರಟೆ. ಅರ್ಧ ಹೊಲ ಚೆಲ್ಲಿ ಮುಗಿದ ಮೇಲೆ ತೊಗರಿ ಸಾಲಿನ ನಡುವೆ ನನ್ನದೇ ಕೆಂಪು ಬಟ್ಟೆ ಅಲ್ಲಾಡುವುದು ಕಂಡಿತು. ಅಲ್ಲೇ ನಿಂತೆ.

"ಆಯಿ, ಇಷ್ಟು ಜಾಗ ಬಿಟ್ಟು ಮುಂದ ಹೋಗೂಣೇನು?" ಎಂದೆ.

ಹಿಂದೆ ನೀರಿನ ತಂಬಿಗೆ ಹಿಡಿದಿದ್ದ ಆಯಿ, "ಯಾಕ? ಇಷ್ಟು ಜಾಗ ಭೂಮಿತಾಯಿ ಅಲ್ಲೇನು?" ಎಂದರು.

ಚೆಲ್ಲಿದೆ. ಆಮೇಲೆ ಕೂತು ನಾನೂ ಹೊಟ್ಟೆ ಬಿರಿಯುವಷ್ಟು ಉಂಡೆ.

ಮರುದಿನ ತೆಗೆದಾಗ ಲೋಟಗಳು ಕಪ್ಪಗಾಗಿದ್ದವು. ಅಷ್ಟು ಇರುವೆಗಳನ್ನು ಮೂರು ವರ್ಷದಲ್ಲಿ ಕಂಡಿರಲಿಲ್ಲ. ಎಣಿಸಿ ಪಟ್ಟಿಯಲ್ಲಿ ಬರೆದೆ. ತೋಟದ ಪಕ್ಕದ ಹೊಲಗಳು ಒಮ್ಮೆಲೇ ಗೆದ್ದುಬಿಟ್ಟವು. ನನ್ನ ಹಟವೂ ಗೆದ್ದಿತು. ಇವು ಬಾಳೆಯ ನೆರಳಿಗೆ ಬಂದವಲ್ಲ, ಭಜ್ಜಿಗೆ ಬಂದವು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಆ ಮಾತನ್ನು ಎಲ್ಲೂ ಬರೆಯಲಿಲ್ಲ. ಬರೆದರೆ ಆ ಹೊಲದ ಲೆಕ್ಕ ಹೋಯಿತು. ತೊಗರಿ ವರ್ಷಕ್ಕೊಂದೇ ಬೆಳೆ, ಮತ್ತೆ ಒಂದು ವರ್ಷ ಕಾಯಬೇಕು. ಮನೆಯಲ್ಲಿ ಅವ್ವ ದಿನಾ, "ಇನ್ನೂ ಎಷ್ಟ್ ಉಳದಾವ ನಿನ್ನ ಇರುವಿ?" ಎಂದು ಕೇಳುತ್ತಿದ್ದಳು. ಸರ್ ಪಟ್ಟಿ ನೋಡಿ ಖುಷಿಯಾಗಿ, ಮುಂದಿನ ವಾರ ವಿಭಾಗದಲ್ಲಿ ಎಲ್ಲರ ಮುಂದೆ ಮಂಡಿಸು ಎಂದರು. ನನಗೆ ಅವರ ಮುಖ ನೋಡಲಾಗಲಿಲ್ಲ.

ಹಬ್ಬದ ದಿನ ಆಯಿ ಕಡಬು ಕಟ್ಟಿಕೊಟ್ಟಿದ್ದ ಸ್ಟೀಲ್ ಡಬ್ಬಿ ಹಿಂದಿರುಗಿಸಲು ಮಂಡನೆಯ ಎರಡು ದಿನ ಮೊದಲು ಕಮಲಾಪುರಕ್ಕೆ ಹೋದೆ. ಆಯಿ ಅಂಗಳದಲ್ಲಿ ತೊಗರಿ ಹಸನು ಮಾಡುತ್ತ ಕೂತಿದ್ದರು.

"ನಾವು ಚೆಲ್ಲಿದ್ದು ಉಂಡಾವೇನು ನಿನ್ನ ಇರುವಿ?" ಎಂದು ಕೇಳಿದರು.

"ಉಂಡಾವ ಆಯಿ. ಭಾಳ ಬಂದಿದ್ವು."

ಮುಖ ಅರಳಿತು. ಒಳಗಿದ್ದ ಸೊಸೆಗೆ ಕೂಗಿ ಹೇಳಿದರು. ಆಮೇಲೆ ನನ್ನತ್ತ ತಿರುಗಿ, "ಆಯಿ ಚರಗ ಮಾಡಿದ್ದಕ ಬಂದಾವ ಅಂತ ಬರದೀ ಇಲ್ಲ?" ಎಂದರು.

ಸೊಸೆ ತಂದುಕೊಟ್ಟ ಚಹಾ ಬಿಸಿ ಎಂದು ನೆವ ಮಾಡಿ, ಬಸಿಗೆ ಸುರಿದುಕೊಂಡು ಊದುತ್ತ ಕೂತೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಅಕ್ಷರ ಬಾರದ ಮುದುಕಿ ನಡೆದದ್ದನ್ನು ನಡೆದಂತೆ ಬರೆಯಬೇಕು ಎಂದು ತಿಳಿದಿದ್ದಳು, ಎಂ.ಎಸ್ಸಿ. ಮುಗಿಸಿದ ನಾನು ನುಂಗಿ ಕೂತಿದ್ದೆ.

ಮರುದಿನ ಬೆಳಿಗ್ಗೆ ಸರ್ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರೂ ಹೊಲದ ಮನೆತನದವರೇ.

"ಚರಗ ಚೆಲ್ಲು ಅಂದಾಗ ಒಲ್ಲೆ ಅನ್ನಾಕ ಬರಂಗಿಲ್ಲ. ಅದು ತಪ್ಪಲ್ಲ," ಎಂದರು. "ಬರೀಲಾರದ ಬಿಟ್ಟಿ ನೋಡು, ಅದು ತಪ್ಪು."

ತಮ್ಮ ಪೆನ್ನು ಕೊಟ್ಟರು. ಆಯಿಯ ಹೊಲದ ಸಾಲಿನ ಮೇಲೆ ನಾನೇ ಗೆರೆ ಎಳೆದೆ. ಒಂದು ವರ್ಷ ಹೋಯಿತು ಎಂದು ಹೊರಗೆ ಬಂದು ಅತ್ತೆ. ಅತ್ತು ಮುಗಿಸಿದ ಮೇಲೆ ಎಷ್ಟು ಹಗುರಾಯಿತೆಂದರೆ, ಕ್ಯಾಂಟೀನಿನಲ್ಲಿ ಎರಡು ಪ್ಲೇಟ್ ಮಂಡಕ್ಕಿ ಸೂಸಲಾ ತಿಂದೆ.

ಕಷ್ಟವಾದದ್ದು ಆಯಿಗೆ ಹೇಳುವುದು.

"ಅಂದ್ರ ನನ್ನ ಹೊಲ ನಿನ್ನ ಬುಕ್ಕಿನಾಗ ಇಲ್ಲ?" ಎಂದರು. ನಿಜವಾಗಿ ನೊಂದಿದ್ದರು.

"ಬರೂ ವರ್ಷ ಮತ್ತ ಎಣಸ್ತೀನಿ ಆಯಿ."

"ಚರಗ ನಾ ಬಿಡಂಗಿಲ್ಲ. ನೀ ಹಬ್ಬದ ಮೊದಲ ಬಾ."

ಆ ವರ್ಷ ನಾನು ಹೆದರಿದಷ್ಟು ಕೆಟ್ಟದಾಗಿರಲಿಲ್ಲ. ಬೆಳಿಗ್ಗೆ ಒಂದು ಕಾಲೇಜಿನಲ್ಲಿ ಪಾಠ ಮಾಡಿದೆ, ಮಧ್ಯಾಹ್ನ ಇರುವೆಗಳ ಕಾಲು, ಮೀಸೆ ನೋಡುತ್ತ ಜಾತಿ ಗುರುತಿಸಲು ಕಲಿತೆ. ಅವಸರ ಇಲ್ಲದಾಗ ಆ ಕೆಲಸ ಎಷ್ಟು ಚಂದ ಎಂದು ಆಗಲೇ ತಿಳಿದದ್ದು. ಮುಂದಿನ ಎಳ್ಳಮಾವಾಸ್ಯೆಗೆ ಇನ್ನೂ ಮೂರು ವಾರವಿರುವಾಗಲೇ ಹೋಗಿ ಆರೂ ಹೊಲಗಳಲ್ಲಿ ಲೋಟ ಹೂತೆ. ಈ ಸಲ ಗೆಳತಿಯೊಬ್ಬಳು ಜೊತೆಗಿದ್ದಳು.

ಎಣಿಸಿ ನೋಡಿದರೆ ಆಯಿಯ ಹೊಲದಲ್ಲಿ ಇರುವೆ ಬೇರೆ ಹೊಲಗಳಷ್ಟೇ. ತೋಟದ ಪಕ್ಕ, ತೋಟದಿಂದ ದೂರ ಎಂಬ ಭೇದವೇ ಕಾಣಲಿಲ್ಲ. ನಾಲ್ಕು ವರ್ಷದ ನನ್ನ ಹಟ ಮಣ್ಣುಪಾಲಾಯಿತು. ಭೇದ ಇಲ್ಲ ಎಂಬುದೂ ಫಲಿತಾಂಶವೇ, ಹಾಗೆಯೇ ಬರಿ ಎಂದರು ಸರ್. ನನಗೆ ಅಷ್ಟು ಬೇಜಾರೂ ಆಗಲಿಲ್ಲ. ಆಯಿಯ ಮುಖ ನೆನೆದಾಗ ಮಾತ್ರ ಅಳುಕಾಯಿತು. ಹೋದ ವರ್ಷ ಅಷ್ಟು ಹೆಮ್ಮೆಪಟ್ಟವರಿಗೆ ಈಗ ಇಷ್ಟೇ ಎಂದು ಹೇಗೆ ಹೇಳಲಿ?

ಕೊನೆಗೆ ಅಂಗಳದಲ್ಲಿ ಕೂತು, "ಆಯಿ, ಈ ಸಲ ಭಾಳ ಕಮ್ಮಿ ಅದಾವ," ಎಂದೆ.

ಆಯಿ ಮೊರದಿಂದ ತಲೆ ಎತ್ತದೆ ನಕ್ಕರು.

"ಹಬ್ಬದಾಗ ಉಣ್ಣಾಕ ಊರೆಲ್ಲ ಬರ್ತದ ಯವ್ವಾ. ಊಟ ಇಲ್ಲದ ದಿನ ಮನ್ಯಾಗ ಯಾರ್ ಇರ್ತಾರ, ಅವರೇ ಮನಿ ಮಂದಿ. ಅವ್ರನ್ನ ಬರಿ."

ಅವರನ್ನೇ ಬರೆದೆ.