ಜಮಖಾನ ಸುತ್ತುವವನು

ದೀಕ್ಷಾಸ್ನಾನವನ್ನು ನೆನೆಯುವ ತಿಮ್ಕತ್ ಹಬ್ಬದಲ್ಲಿ ಪಾದ್ರಿಗಳು ಪವಿತ್ರ ಹಲಗೆಯನ್ನು ತಲೆಯ ಮೇಲೆ ಹೊತ್ತು ಜಮಖಾನದ ಮೇಲೆ ನಡೆಯುತ್ತಾರೆ. ಅವರು ದಾಟಿದ್ದನ್ನು ಹಿಂದಿನಿಂದ ಸುತ್ತಿಕೊಡುವುದು ಅಡ್ಮಾಸುವಿನ ಸೇವೆ, ಹೊತ್ತು ಓಡಿ ಮುಂದೆ ಹಾಸುವುದು ಹುಡುಗರದು. ಹರೆಯದಿಂದಲೂ ಅವನು ಕಂಡದ್ದು ಪಾದ್ರಿಗಳ ಬೆನ್ನನ್ನೇ.

ಈ ವರ್ಷ ಮೊಣಕಾಲು ಕೈಕೊಟ್ಟಿತು. ಹುಡುಗರು ಅವನನ್ನು ದಾರಿಯ ಮುಂದುಗಡೆ ಕೂರಿಸಿದರು.

"ಅಜ್ಜಾ, ಒಂದ್ಸಲನಾದ್ರೂ ಎದುರಿಂದ ನೋಡಿ."

"ನೀವು ಸುತ್ತೋ ಚಂದಕ್ಕೆ ಮೆರವಣಿಗೆ ಇಲ್ಲೀವರ್ಗೆ ಬಂದ್ರೆ ತಾನೆ."

ಹಾಗೆಯೇ ಆಯಿತು. ಜಮಖಾನ ಬರುವುದು ತಡವಾಗಿ ಮೆರವಣಿಗೆ ಅವನೆದುರೇ ನಿಂತಿತು. ಅಡ್ಮಾಸುವಿನ ಕಣ್ಣು ಹೋದದ್ದು ಬರಿಯ ಮಣ್ಣಿನ ಮೇಲೆ. ರಾಜನನ್ನು ಪಟ್ಟದಿಂದಿಳಿಸಿ ಸೈನಿಕರು ಆಳುತ್ತಿದ್ದ ಕಾಲದಲ್ಲಿ ಊರಿನ ಇಗರ್ಜಿಗೆ ಜಮಖಾನವಿರಲಿಲ್ಲ. ಅವ್ವ ತನ್ನ ಶಾಲನ್ನೇ ಹಾಸಿದ್ದಳು. ಅವನೂ ಹೊದ್ದ ಶಾಲು ತೆಗೆದು, ಬಗ್ಗಿ ಹಾಸಿದ. ಪಾದಗಳು ದಾಟಿದವು. ಅದನ್ನು ಬಿಗಿಯಾಗಿ ಸುತ್ತಿಕೊಂಡು ತಲೆಯೆತ್ತಿದರೆ, ಎದುರಿಗೆ ಮತ್ತೆ ಅದೇ ಬೆನ್ನುಗಳು.